ಗುಡ್ಡದ ನೆತ್ತಿಯ ಗೆರೆ

ಮಳೆ ಈಗ ಸುಣ್ಣದ ಗೆರೆ ದಾಟುವುದಿಲ್ಲ. ಗೆರೆ ಎಳೆಯುವುದು ವಿಶ್ವವಿದ್ಯಾಲಯದ ಜಲಾನಯನ ವಿಭಾಗದ ಕೆಲಸ. ನೀರು ಎರಡು ಕಡೆಗೆ ಬೇರೆಯಾಗುವ ಅಂಚು ಬಿಟ್ಟು ತಪ್ಪಾಗಿ ಎಳೆದರೆ ಮೋಡ ಎಲ್ಲಿಯೂ ಸುರಿಯದೆ ಹೋಗುತ್ತದೆ.

ಈ ವರ್ಷದ ಮಳೆ ಹಿರೇಹಳ್ಳಕ್ಕೆ ನೀರು ಹರಿಸುವ ನೆಲಕ್ಕೆ ಮಾತ್ರ. ಗುಡ್ಡದ ನೆತ್ತಿಯಲ್ಲಿ ವಿದ್ಯಾರ್ಥಿನಿ ದಾಕ್ಷಾಯಣಿ ಚೊಂಬಿನಿಂದ ನೀರು ಸುರಿದಳು. ಅದು ಹಳ್ಳದ ಕಡೆ ಹರಿದಿದ್ದರೆ ಅವಳ ಊರು ಗೆರೆಯೊಳಗೆ ಬರುತ್ತಿತ್ತು. ನೀರು ಆಚೆಗೆ ಇಳಿಯಿತು.

"ಇನ್ನೊಮ್ಮೆ ಹಾಕ್ಲೇನ್ರಿ ಮೇಡಂ?"

"ಹಾಕವ್ವ. ಗುಡ್ಡ ನಿನ್ನ ಮಾತ್ ಕೇಳ್ತೈತೇನು ನೋಡೂಣು," ಎಂದರು ಪ್ರೊಫೆಸರ್ ನೀಲಾಂಬಿಕಾ.

ಮತ್ತೆ ಆಚೆಗೇ ಹರಿಯಿತು. ದಾಕ್ಷಾಯಣಿ ಸುಣ್ಣದ ಡಬ್ಬಿ ಎತ್ತಿಕೊಂಡು, ತನ್ನೂರನ್ನು ಹೊರಗಿಟ್ಟು ಗೆರೆ ಎಳೆದಳು.

"ಊರಾಗ ಏನಂತ ಹೇಳ್ಲಿರಿ?"

"ನಾನೂ ಬರ್ತೀನಿ, ನಡಿ. ಬೈಸ್ಕೊಳ್ಳಾಕ ಇಬ್ರಿದ್ರ ಚಲೋ."

ಇಬ್ಬರೂ ಒಣ ಬದಿಗೆ ಇಳಿಯತೊಡಗಿದರು.