ಆರ್ಲಿಸ್‌ಳ ಮೀನು

"ಹಾಗಾದ್ರೆ ಪಾತ್ರೆಗೆ ಕಾಲು ಬಂತಾ?" ಎಂದಳು ನಾದಿನಿ ವೆರ್ನಾ. ಅವಳ ಕಣ್ಣು ನೇರವಾಗಿ ಆರ್ಲಿಸ್‌ಳ ಮುಖದ ಮೇಲಿತ್ತು.

ಆರ್ಲಿಸ್ ಆಲೂಗಡ್ಡೆ ಸುಲಿಯುತ್ತಿದ್ದಳು. ಚಾಕು ಜಾರಿ ಸಿಪ್ಪೆಯ ಜೊತೆ ಅರ್ಧ ಗಡ್ಡೆಯೂ ಹೋಯಿತು.

ಅತ್ತೆ ಬೋರ್ಗಿಲ್ಡ್ ಮೆಟ್ಟಿಲ ಕೆಳಗಿನ ಕಪಾಟನ್ನು ದಢಾರನೆ ತೆರೆದು ಒಳಗೆ ಬಗ್ಗಿದರು. ಬೆಳಿಗ್ಗೆಯಿಂದ ಆ ಒಂದೇ ಕಪಾಟನ್ನು ಅವರು ಮತ್ತೆ ಮತ್ತೆ ತೆರೆಯುತ್ತಿದ್ದರು. ನಾರ್ವೆಯಿಂದ ಅಜ್ಜಿಯ ಜೊತೆ ಹಡಗಿನಲ್ಲಿ ಮಿನ್ನೆಸೋಟಕ್ಕೆ ಬಂದ ನೀಲಿ ಎನಾಮೆಲ್ ಪಾತ್ರೆ ಅದರೊಳಗೆ ಇರಲಿಲ್ಲ.

ಅದು ಎಲ್ಲಿದೆ ಎಂದು ಆರ್ಲಿಸ್‌ಗೆ ಗೊತ್ತಿತ್ತು. ಮೊನ್ನೆ ಅತ್ತೆ ಮಲಗಲು ಹೋದಾಗ ಹಳೇ ಕಂಬಳಿಯಲ್ಲಿ ಸುತ್ತಿ ಕಾರಿಗೆ ಹಾಕಿಕೊಂಡು ಹೋಗಿ, ನೆರೆಯೂರಿನ ಚರ್ಚಿನವರು ಹಳೇ ಸಾಮಾನು ಮಾರುವ ಕೋಣೆಯಲ್ಲಿ ಇಟ್ಟು ಬಂದಿದ್ದಳು.

ಆ ದಿನ ಆರ್ಲಿಸ್‌ಳ ಹುಟ್ಟುಹಬ್ಬ. ಆ ಮನೆಯಲ್ಲಿ ಹುಟ್ಟುಹಬ್ಬದವರು ಕೇಳಿದ್ದೇ ಅಂದಿನ ರಾತ್ರಿಯ ಊಟ. ಉಳಿದವರು ಮೂಗು ಮುರಿಯುವಂತಿಲ್ಲ, ತಟ್ಟೆಯಲ್ಲಿ ಬಿಡುವಂತಿಲ್ಲ. ಮದುವೆಯಾಗಿ ಬಂದ ವರ್ಷ ಆರ್ಲಿಸ್ ನಾಚಿಕೊಂಡು, "ನೀವು ಏನು ಮಾಡಿದ್ರೂ ಸರಿ, ಅಮ್ಮ" ಎಂದಿದ್ದಳು. ಆಗಷ್ಟೇ ಗಂಡನನ್ನು ಕಳೆದುಕೊಂಡಿದ್ದ ಬೋರ್ಗಿಲ್ಡ್, ಆತ ಪ್ರತಿ ಹುಟ್ಟುಹಬ್ಬಕ್ಕೂ ಕೇಳುತ್ತಿದ್ದ ಮೀನನ್ನೇ ಬೇಯಿಸಿದರು. ಕ್ಷಾರದ ನೀರಿನಲ್ಲಿ ದಿನಗಟ್ಟಲೆ ನೆನೆಸಿದ ಒಣಮೀನು. ಬೆಂದರೆ ಲೋಳೆಯಂತೆ ನಡುಗುತ್ತದೆ. ವಾಸನೆ ಪರದೆಗೆ ಹಿಡಿದರೆ ವಾರವಾದರೂ ಬಿಡುವುದಿಲ್ಲ. ತುತ್ತು ನುಂಗಿ ತಲೆಯೆತ್ತಿದಾಗ ಎದುರಿಗೆ ಅತ್ತೆಯ ಅತ್ತು ಕೆಂಪಾದ ಕಣ್ಣು. "ಇದೇ ನನಗೆ ಎಲ್ಲಕ್ಕಿಂತ ಇಷ್ಟ" ಎಂದುಬಿಟ್ಟಳು.

ಅಂದಿನಿಂದ ಪ್ರತಿ ವರ್ಷ ಅತ್ತೆ ಕೇಳುವ ಮೊದಲೇ ಗಂಡ ಓರಿನ್ ಕೂಗುತ್ತಾನೆ: "ಕೇಳೋದೇನಮ್ಮ, ಅವಳಿಗೆ ಮೀನೇ!" ಮಂಡಿನೋವಿನ ಮುದುಕಿ ಬೆಳಗಿನಿಂದ ಒಲೆಯ ಮುಂದೆ ನಿಲ್ಲುತ್ತಾರೆ. ಆರ್ಲಿಸ್ ನಗುನಗುತ್ತಾ ನುಂಗುತ್ತಾಳೆ. ಹನ್ನೊಂದು ವರ್ಷ ನುಂಗಿದ ಮೇಲೆ, ಅಂದು ಸುಳ್ಳು ಹೇಳಿದ್ದೆ ಎನ್ನಲು ಯಾವ ಬಾಯಿ?

ಆ ಮೀನಿಗೆ ಮನೆಯಲ್ಲಿದ್ದ ಉಳಿದ ಅಲ್ಯೂಮಿನಿಯಂ ಪಾತ್ರೆಗಳು ಆಗುವುದಿಲ್ಲ, ಕರ್ರಗಾಗುತ್ತವೆ. ನೀಲಿ ಪಾತ್ರೆಯೊಂದು ಹೋದರೆ ತಾನು ಪಾರಾದೆ ಎಂದುಕೊಂಡಿದ್ದಳು. ಈಗ ನೋಡಿದರೆ ಕಳ್ಳಿಯ ಹಾಗೆ ಕೂತಿದ್ದಳು.

"ನಮ್ಮನೇಲೂ ಎನಾಮೆಲ್‌ದು ಇದೆಯಲ್ಲಮ್ಮ, ತರ್ಲಾ?" ಎಂದಳು ವೆರ್ನಾ.

ಆರ್ಲಿಸ್ ತಲೆಯೆತ್ತದೆ ಇನ್ನೊಂದು ಆಲೂಗಡ್ಡೆ ಎತ್ತಿಕೊಂಡಳು.

"ಬೇಡ. ಅದರ ತಳ ಸರಿಯಿಲ್ಲ" ಎಂದರು ಬೋರ್ಗಿಲ್ಡ್.

"ಹೋದ ತಿಂಗಳು ತಗೊಂಡಿದ್ದು!"

"ಈಗಿನ ಎನಾಮೆಲ್ ನಂಬೋ ಹಾಗಿಲ್ಲ. ಅಜ್ಜಿ ಪಾತ್ರೆ ಇಲ್ದೆ ಈ ಮನೇಲಿ ಆ ಮೀನು ಬೇಯಲ್ಲ, ತಿಳೀತಾ?"

"ಪಾತ್ರೆ ತಾನಾಗೇ ಎದ್ದು ಹೋಗಲ್ಲಮ್ಮ. ಯಾರೋ ತಗೊಂಡಿರ್ಬೇಕು. ಅಲ್ವಾ ಆರ್ಲಿಸ್?"

ಇನ್ನು ಆಗದು. ಆರ್ಲಿಸ್ ಚಾಕು ಕೆಳಗಿಟ್ಟಳು. "ಅಮ್ಮ, ಆ ಪಾತ್ರೆ ವಿಷಯ ನಾನೊಂದು ಹೇಳ್ಬೇಕು..."

"ಏನೂ ಹೇಳ್ಬೇಡ. ಹುಟ್ಟುಹಬ್ಬದ ದಿನ ಕಣ್ಣೀರು ಹಾಕೋದು ಶುಭ ಅಲ್ಲ. ಫ್ರಿಜ್ಜಿನಲ್ಲಿ ಕೋಳಿ ಇದೆ, ತೆಗಿ."

ಕೋಳಿ ತುಂಡುಗಳು ಮಜ್ಜಿಗೆಯಲ್ಲಿ ಮುಳುಗಿದ್ದವು. ರಾತ್ರಿಯಿಡೀ ನೆನೆದು ಬೆಣ್ಣೆಯಂತೆ ಮೆತ್ತಗಾಗಿದ್ದವು.

"ಭಾನುವಾರಕ್ಕೆ ಅಂತ ಇಟ್ಟಿದ್ದೆ" ಎಂದರು ಬೋರ್ಗಿಲ್ಡ್. ಅಂದು ಗುರುವಾರ. "ಏನ್ಮಾಡೋದು ಮಗಳೇ, ಈ ಸಲ ಇದನ್ನೇ ಕರಿದು ಹಾಕ್ತೀನಿ. ಮೀನಿಲ್ಲ ಅಂತ ಬೇಜಾರು ಮಾಡ್ಕೋಬೇಡ."

ಆರ್ಲಿಸ್ ಬೇಜಾರಿನ ಮುಖ ಮಾಡಲು ತುಂಬಾ ಕಷ್ಟಪಟ್ಟಳು.

ಆಗಲೇ ಬಾಗಿಲು ತೆರೆಯಿತು. ಓರಿನ್ ಬೂಟಿನ ಹಿಮ ಕೊಡವುತ್ತಾ ಒಳಗೆ ಬಂದ. ಕಂಕುಳಲ್ಲಿ ದೊಡ್ಡ ಗಂಟು, ಕೈಯಲ್ಲಿ ಬಿಳಿ ಕಾಗದದ ಪೊಟ್ಟಣ.

"ಕಣ್ಣು ಮುಚ್ಕೊಳ್ಳೇ!"

ಅವಳು ಮುಚ್ಚಿದಳು. ಮೂಗು ಮುಚ್ಚಿಕೊಳ್ಳಲಾಗಲಿಲ್ಲ. ಪೊಟ್ಟಣದಲ್ಲಿ ಏನಿದೆ ಎಂದು ಅದಕ್ಕೆ ತಿಳಿಯಿತು.

ಕಣ್ಣು ಬಿಟ್ಟಾಗ ಮೇಜಿನ ಮೇಲೆ ನೀಲಿ ಪಾತ್ರೆ ಇತ್ತು.

"ಚರ್ಚಿನ ಹಳೇ ಸಾಮಾನಿನಲ್ಲಿ ಸಿಕ್ತು. ಥೇಟ್ ನಮ್ಮದರ ಹಾಗೇ! ಹಿಡಿ ಹತ್ರ ಚಕ್ಕೆ ಎದ್ದಿರೋದೂ ಅದೇ ಜಾಗ! ನಿನಗೇ ಅಂತ ಒಂದಿರ್ಲಿ ಅಂತ ತಂದೆ. ಈಗ ಎರಡಾಯ್ತಲ್ಲ, ಇನ್ಮೇಲೆ ಹುಟ್ಟುಹಬ್ಬ ಬರೋ ತನಕ ಯಾಕೆ ಕಾಯ್ಬೇಕು? ತಿಂಗಳಿಗೊಂದ್ಸಲ ಮಾಡ್ಕೊಂಡು ತಿನ್ನು!"

"ಎರಡೆಲ್ಲಿ ಬಂತೋ ದಡ್ಡ? ನಮ್ಮದು ಕಾಣೆಯಾಗಿದೆ. ಇದು ನಮ್ಮದೇ!" ಎಂದ ವೆರ್ನಾ, ನಿಧಾನವಾಗಿ ಆರ್ಲಿಸ್ ಕಡೆ ತಿರುಗಿದಳು. "ಚರ್ಚಿಗೆ ಹೇಗೆ ಹೋಯ್ತು ಅಂತೀನಿ?"

ಬೋರ್ಗಿಲ್ಡ್ ಪಾತ್ರೆ ಎತ್ತಿ, ಬೆಳಕಿಗೆ ಹಿಡಿದು, ಸುತ್ತ ತಿರುಗಿಸಿ ನೋಡಿದರು.

"ಇದು ನಮ್ಮದಲ್ಲ" ಎಂದರು. "ನಮ್ಮದರ ಚಕ್ಕೆ ಆ ಕಡೆ ಎದ್ದಿತ್ತು. ಇಬ್ಬರೂ ಹೋಗಿ ಮೇಜು ಸಿದ್ಧ ಮಾಡಿ, ಹೋಗಿ."

ಅಣ್ಣ ತಂಗಿ ಒಳಗೆ ಹೋದರು. ಬೋರ್ಗಿಲ್ಡ್ ಪಾತ್ರೆಗೆ ನೀರು ತುಂಬಿ ಒಲೆಯ ಮೇಲಿಟ್ಟರು. ಪೊಟ್ಟಣ ಬಿಚ್ಚಿದಾಗ ಅವರ ಮೂಗು ಸೊಟ್ಟಗಾಯಿತು. ಹನ್ನೊಂದು ವರ್ಷದಲ್ಲಿ ಆರ್ಲಿಸ್ ಅದನ್ನು ಕಂಡದ್ದು ಅದೇ ಮೊದಲು.

"ಈ ನನ್ನ ಮಗನಿಗೆ ಯಾವತ್ತು ಬುದ್ಧಿ ಬರುತ್ತೋ!" ಎಂದು ಅವರು ಪಿಸುಗುಟ್ಟಿದರು. "ಮೊನ್ನೆ ನೀನು ಇದನ್ನ ಕಾರಿಗೆ ಹಾಕೋದು ಕಿಟಕೀಲಿ ಕಂಡಾಗ ನನ್ನ ಜೀವಕ್ಕೆ ಎಷ್ಟು ಹಾಯಾಯ್ತು ಗೊತ್ತಾ? ಆಗಲೇ ಹೋಗಿ ಕೋಳಿ ತಂದಿದ್ದೆ ಕಣೇ."