ಫಲಕದ ಕೊನೆಯ ಸಾಲು

ಈಗಲೂ ಹಿತ್ತಾಳೆಗೆ ಹುಣಸೆಹಣ್ಣು ಉಜ್ಜುವ ವಾಸನೆ ಬಂದರೆ ನನಗೆ ಸಿಟ್ಟು ನೆತ್ತಿಗೇರುತ್ತದೆ.

ಕೋರಮಂಡಲ್‌ ಚಿನ್ನದ ಗಣಿಯ ಚರ್ಚಿನಲ್ಲಿ ಅಜ್ಜಿ ಕಸ ಗುಡಿಸುತ್ತಿದ್ದಳು. ಅಲ್ಲಿನ ಗೋಡೆಯಲ್ಲೊಂದು ಹಿತ್ತಾಳೆಯ ಫಲಕವಿತ್ತು. ಮಹಾಯುದ್ಧದಲ್ಲಿ ಶತ್ರುಗಳು ಮುಳುಗಿಸಿದ ಪ್ರಯಾಣಿಕರ ಹಡಗಿನಲ್ಲಿ ಸತ್ತ ಗಣಿಯ ದೊರೆ, ದೊರೆಸಾನಿ, ಅವರ ಕೂಸಿನ ನೆನಪಿಗೆ ಹಾಕಿಸಿದ್ದು. ಕೂಸನ್ನು ನೋಡಿಕೊಳ್ಳಲು ಅವರ ಜೊತೆ ಹಡಗು ಹತ್ತಿದ್ದ ಆಯಾ, ಅಜ್ಜಿಯ ಅಕ್ಕ ಮುನಿಯಮ್ಮ. ಅವಳೂ ತಿರುಗಿ ಬರಲಿಲ್ಲ.

ಫಲಕದ ಕೆಳಗಿನ ಪುಟ್ಟ ಸಾಲನ್ನು ಅಜ್ಜಿ ಎಲ್ಲಕ್ಕಿಂತ ಹೆಚ್ಚು ಉಜ್ಜುತ್ತಿದ್ದಳು. ಒಂದು ಮಧ್ಯಾಹ್ನ ನನ್ನನ್ನು ಬೆಂಚಿನ ಮೇಲೆ ನಿಲ್ಲಿಸಿ ಅದನ್ನೇ ತೋರಿಸಿದಳು.

"ನಮ್ಮಕ್ಕನ ಎಸ್ರು. ಇಸ್ಕೂಲಾಗೆ ಇಂಗ್ಲಿಷು ಕಲ್ತಿದ್ದೀಯಲ್ಲ, ಜೋರಾಗಿ ಓದು ಮಗಾ."

ಅಕ್ಷರ ಕೂಡಿಸಿ ಕೂಡಿಸಿ ಓದಿದೆ. "ಇದು ಫಲಕ ಮಾಡಿದ ಮದರಾಸಿನ ಅಂಗಡಿ ಎಸ್ರು, ಅಜ್ಜಿ."

"ಮೇಲ್ಗಡೆ ನೋಡು."

ಮೇಲೆ ದೊರೆ, ದೊರೆಸಾನಿ, ಕೂಸು, ಅಷ್ಟೇ.

ಅಜ್ಜಿಯ ಕೈ ನಿಂತಿತು. "ಮುಳುಗೋವಾಗ ಆ ಕೂಸು ಯಾರ ಕಂಕುಳಾಗೆ ಇತ್ತು ಅಂತ ಯಾವನಾದ್ರೂ ಕೇಳಿದ್ನಾ? ಅಂಗಡಿಯೋನ್ಗೆ ಜಾಗ ಐತೆ, ನಮ್ಮಕ್ಕಂಗೆ ಇಲ್ವಾ?"

ಉಳಿದ ಹುಣಸೆಯನ್ನೆಲ್ಲ ಫಲಕಕ್ಕೆ ಮೆತ್ತಿದಳು. ನಾನು ತೊಳೆಯಲು ನೀರಿನ ಚೊಂಬು ಎತ್ತಿಕೊಂಡೆ.

"ತೊಳೀಬ್ಯಾಡ," ಎಂದಳು. "ಕಿಲುಬು ಹಿಡೀಲಿ."