ಏಳನೆಯ ಕೈ

ಊರಿನ ಪುಟ್ಟ ಬ್ರಾಡ್‌ಬ್ಯಾಂಡ್ ಕಂಪನಿಯಲ್ಲಿ ಪಂಚಾಕ್ಷರಿ ಮೇಷ್ಟ್ರು ತಮ್ಮ ನಿವೃತ್ತಿಯ ದುಡ್ಡನ್ನೆಲ್ಲ ಹಾಕಿದ್ದರು. ಈಗ ದೊಡ್ಡ ಕಂಪನಿಯೊಂದು ಅದನ್ನು ಪುಡಿಗಾಸಿಗೆ ಕೇಳುತ್ತಿತ್ತು. ಮಾರುವುದೋ ಬೇಡವೋ ಎಂದು ತೀರ್ಮಾನಿಸಲು ಏಳು ಪಾಲುದಾರರ ವಿಡಿಯೊ ಸಭೆ ಸೇರಿತು. ಮೂವರು ಮಾರೋಣ ಎಂದರು, ಮೂವರು ಬೇಡ ಎಂದರು. ಉಳಿದವರು ಮೇಷ್ಟ್ರೊಬ್ಬರೇ.

“ರೀ, ನನ್ನ ಮೊಬೈಲಿಂದ ಮಾತಾಡಿ. ಆ ದೊಡ್ಡ ಕಂಪನಿ ಸಿಮ್ಮು, ಮಧ್ಯದಲ್ಲಿ ನಿಲ್ಲಲ್ಲ,” ಎಂದರು ಹೆಂಡತಿ.

“ನಮ್ಮದೇ ಲೈನ್ ಇಟ್ಕೊಂಡು ಅವರ ಮುಂದೆ ಕೈಚಾಚ್ಲಾ? ಮರ್ಯಾದೆ ಬೇಡ್ವಾ?”

ಮೇಷ್ಟ್ರು ಕೋಟಿನ ಗುಂಡಿ ಹಾಕಿಕೊಂಡು, ತರಗತಿಯ ಗದ್ದಲ ಅಡಗಿಸುತ್ತಿದ್ದ ಹಳೆಯ ಗತ್ತಿನಲ್ಲಿ ಬಲಗೈ ಎತ್ತಿ, “ಮಾರಕೂಡದು!” ಎಂದು ಗುಡುಗತೊಡಗಿದರು. ಕಾಲು ಗಂಟೆ ಗುಡುಗಿದರು. ಪರದೆಯ ಮೇಲೆ ಆರೂ ಮುಖಗಳು ಕಣ್ಣು ಮಿಟುಕಿಸದೆ ಕಲ್ಲಾಗಿದ್ದವು. ತಮ್ಮ ಮಾತಿಗೆ ಇಷ್ಟೊಂದು ಶಕ್ತಿ ಇದೆಯೆಂದು ಮೂವತ್ತು ವರ್ಷದ ಪಾಠದಲ್ಲಿ ಒಮ್ಮೆಯೂ ಗೊತ್ತಾಗಿರಲಿಲ್ಲವಲ್ಲ ಎಂದು ಮೇಷ್ಟ್ರಿಗೇ ಬೆರಗಾಯಿತು.

ಅಷ್ಟರಲ್ಲಿ ಹೆಂಡತಿಯ ಮೊಬೈಲ್ ರಿಂಗಾಯಿತು. ಸಭೆ ನಡೆಸುತ್ತಿದ್ದ ಪಾಲುದಾರರೊಬ್ಬರು.

“ಸಾರ್, ನಿಮ್ಮ ದನಿ ಒಂಚೂರೂ ಕೇಳಿಸ್ಲಿಲ್ಲ. ಆದ್ರೂ ಪರವಾಗಿಲ್ಲ, ‘ಮಾರೋಣ ಅನ್ನೋರು ಕೈ ಎತ್ತಿ’ ಅಂದಾಗ ನಿಮ್ಮ ಕೈ ಎಲ್ಲರಿಗಿಂತ ಮೇಲಿತ್ತು. ಮಾರಿಬಿಟ್ವಿ.”